ಅಂಗಳವಿಲ್ಲದ ಮಸೀದಿ: ಕಲಬುರಗಿ ಕೋಟೆಯ ಜಾಮಿಯಾ ಮಸೀದಿಯನ್ನು ನೋಡುವುದು ಹೇಗೆ?

ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯ ವಿಷಯ ಬಂದಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಇದು ಸ್ಪೇನಿನ ಕಾರ್ಡೋಬಾ ಮಸೀದಿಯನ್ನು ನೋಡಿ ಕಟ್ಟಿದ್ದು. ಕೇಳಲು ಹೊಗಳಿಕೆಯ ಹಾಗೇ ಇದೆ. ಆದರೆ ಈ ಒಂದು ವಾಕ್ಯ ಕಟ್ಟಡದ ನಿಜವಾದ ಹೆಚ್ಚುಗಾರಿಕೆಯನ್ನು ಮರೆಮಾಡಿಬಿಡುತ್ತದೆ. ಭಾರತದ ದೊಡ್ಡ ಮಸೀದಿಗಳಲ್ಲಿ ಒಂದಿಂಚೂ ಬಿಡದೆ ಇಡೀ ಜಾಗಕ್ಕೆ ಚಾವಣಿ ಹಾಕಿರುವುದು ತೀರಾ ಅಪರೂಪ. ಆ ಚಾವಣಿಯನ್ನು ಹೇಗೆ ನಿಲ್ಲಿಸಿದರು? ಅದರ ಕೆಳಗೆ ಬೆಳಕು ಹೇಗೆ ಬಂತು? ಯಾಕಾದರೂ ಹೀಗೆ ಕಟ್ಟಿದರು? ಕಲಬುರಗಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು.

ಮಸೀದಿಗೆ ಬೇಕಾದದ್ದು ನಿಜಕ್ಕೂ ಕಡಿಮೆ. ಮಕ್ಕಾದ ದಿಕ್ಕಿಗೆ ಒಂದು ಗೋಡೆ, ಅದರಲ್ಲಿ ದಿಕ್ಕು ತೋರಿಸುವ ಮಿಹ್ರಾಬ್ ಎಂಬ ಗೂಡು, ಸಾಲಾಗಿ ನಿಲ್ಲಲು ಸಮತಟ್ಟಾದ ಜಾಗ, ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯಲು ನೀರು. ಇಷ್ಟಿದ್ದರೆ ಸಾಕು. ನಮ್ಮ ದೇಶದಿಂದ ಮಕ್ಕಾ ಪಶ್ಚಿಮಕ್ಕಿರುವುದರಿಂದ ಆ ಗೋಡೆ ಪಶ್ಚಿಮದಲ್ಲಿರುತ್ತದೆ. ಜಾಮಿಯಾ ಮಸೀದಿ ಎಂದರೆ ಶುಕ್ರವಾರದ ನಮಾಜಿಗೆ ಊರಿನ ಜನರೆಲ್ಲ ಸೇರುವ ದೊಡ್ಡ ಮಸೀದಿ. ಇಷ್ಟು ಜನಕ್ಕೆ ಚಾವಣಿ ಕಟ್ಟುವುದು ದುಬಾರಿ, ಕಷ್ಟದ ಕೆಲಸ ಕೂಡ. ಹಾಗಾಗಿ ಪಶ್ಚಿಮಕ್ಕೆ ಮಾತ್ರ ಚಾವಣಿಯಿರುವ ಹಜಾರ, ಅದರ ಮುಂದೆ ವಿಶಾಲವಾದ ತೆರೆದ ಅಂಗಳ, ಅಂಗಳದ ನಡುವೆ ನೀರಿನ ಹೌಜು, ಸುತ್ತ ಪಡಸಾಲೆ ಎಂಬ ಏರ್ಪಾಡು ಬಳಕೆಗೆ ಬಂತು. 1424ರಲ್ಲಿ ಮುಗಿದ ಅಹಮದಾಬಾದಿನ ಜಾಮಿಯಾ ಮಸೀದಿ, 1656ರಲ್ಲಿ ಮುಗಿದ ದಿಲ್ಲಿಯ ಜಾಮಾ ಮಸೀದಿ, ನಮ್ಮ ವಿಜಯಪುರದ ಜಾಮಿಯಾ ಮಸೀದಿ, ಎಲ್ಲದರಲ್ಲೂ ಅಂಗಳವೇ ಜೀವಾಳ. ಅಂಗಳದಿಂದಲೇ ಗಾಳಿ, ಅಂಗಳದಿಂದಲೇ ಬೆಳಕು.

ಕಲಬುರಗಿಯಲ್ಲಿ ಆ ಅಂಗಳವೇ ಇಲ್ಲ. ಪೂರ್ವ ಪಶ್ಚಿಮವಾಗಿ ಸುಮಾರು 216 ಅಡಿ, ಉತ್ತರ ದಕ್ಷಿಣವಾಗಿ 176 ಅಡಿ. ಹೆಚ್ಚು ಕಡಿಮೆ 38,000 ಚದರ ಅಡಿ. ಅಷ್ಟೂ ಜಾಗ ಚಾವಣಿಯ ಕೆಳಗಿದೆ. ಮಿನಾರುಗಳೂ ಇಲ್ಲ. ಪಕ್ಕದಲ್ಲೇ ಬಾಲಾ ಹಿಸ್ಸಾರ್ ಎಂಬ ಭಾರೀ ಕೋಟೆಮನೆ ನಿಂತಿದೆ. ಅದು ಬರೀ ಗೋಡೆ, ಕಿಟಕಿಯಿಲ್ಲದ ಮುಚ್ಚಿದ ಕಲ್ಲಿನ ಗುಡ್ಡೆ. ಅದನ್ನು ನೋಡಿ ಮಸೀದಿಯ ಕಡೆಗೆ ತಿರುಗಿದರೆ ಅಲ್ಲಿ ಗೋಡೆಗಿಂತ ಕಮಾನುಗಳೇ ಜಾಸ್ತಿ.

ಕಟ್ಟಿಸಿದವರ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಂಡರೆ ಒಳ್ಳೆಯದು. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್‌ನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ದಖ್ಖನ್ನಿನ ಅಧಿಕಾರಿಗಳು ಅವನ ವಿರುದ್ಧ ತಿರುಗಿಬಿದ್ದರು. 1347ರಲ್ಲಿ ಅವರ ಮುಖಂಡ ದೌಲತಾಬಾದಿನಲ್ಲಿ ಅಲಾಉದ್ದೀನ್ ಹಸನ್ ಬಹಮನ್ ಶಾಹ ಎಂಬ ಹೆಸರಲ್ಲಿ ಪಟ್ಟಕ್ಕೇರಿದ. ಬಹಮನಿ ರಾಜ್ಯ ಹುಟ್ಟಿದ್ದು ಹೀಗೆ. ಸ್ವಲ್ಪದರಲ್ಲೇ ರಾಜಧಾನಿ ಕಲಬುರಗಿಗೆ ಬಂತು. 1358ರಲ್ಲಿ ಅವನ ಮಗ ಮೊದಲನೇ ಮುಹಮ್ಮದ್ ಶಾಹ ಸುಲ್ತಾನನಾದ, 1375ರವರೆಗೆ ಆಳಿದ. ವಿಜಯನಗರದ ಬುಕ್ಕರಾಯನ ಜೊತೆ ಯುದ್ಧ ಮಾಡಿದವನು, ರಾಜ್ಯದ ಆಡಳಿತವನ್ನು ಒಂದು ಕ್ರಮಕ್ಕೆ ತಂದವನು ಇವನೇ. ಮಸೀದಿಯಲ್ಲಿರುವ ಶಾಸನ ಇವನ ಕಾಲದ್ದು. ಅದರಲ್ಲಿ 1367ಕ್ಕೆ ಸರಿಹೊಂದುವ ಹಿಜರಿ ವರ್ಷವಿದೆ, ಕಟ್ಟಿದವನ ಹೆಸರೂ ಇದೆ: ಕಜ್ವೀನ್ ಊರಿನ, ಶಮ್ಸ್ ಎಂಬುವನ ಮಗ ರಫಿ. ಕಜ್ವೀನ್ ಇರುವುದು ಇರಾನಿನಲ್ಲಿ, ತೆಹರಾನಿನ ವಾಯುವ್ಯಕ್ಕೆ. ನಮ್ಮ ಹಳೆಯ ಕಟ್ಟಡಗಳಲ್ಲಿ ಕಟ್ಟಿಸಿದ ರಾಜನ ಹೆಸರು ಸಿಗುವುದು ಸಾಮಾನ್ಯ, ಕಟ್ಟಿದವನ ಹೆಸರು ಸಿಗುವುದು ಅಪರೂಪ. ಈ ಹೆಸರು ನಮ್ಮ ಪಾಲಿಗೆ ದೊಡ್ಡ ಸುಳಿವು. ಮುಂದೆ ಅದು ಕೆಲಸಕ್ಕೆ ಬರುತ್ತದೆ.

ಈಗ ಚಾವಣಿಗೆ ಬರೋಣ. ಈ ಕಟ್ಟಡದ ಬುದ್ಧಿಯೆಲ್ಲ ಇರುವುದು ಅಲ್ಲಿ.

ಕಲ್ಲು ಮತ್ತು ಗಾರೆಯಿಂದ ಇಷ್ಟು ಅಗಲವಾದ ಜಾಗಕ್ಕೆ ಮಾಳಿಗೆ ಹಾಕಬೇಕೆಂದರೆ ಎರಡು ದಾರಿ. ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿ ಅವುಗಳ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ ಹಾಸುವುದು ಒಂದು. ನಮ್ಮ ದೇವಾಲಯಗಳಲ್ಲಿ ಇರುವುದು ಇದೇ. ಉದ್ದ ಹೆಚ್ಚಾದರೆ ಕಲ್ಲಿನ ತೊಲೆ ತನ್ನ ಭಾರಕ್ಕೇ ಬಿರಿಯುತ್ತದೆ, ಆದ್ದರಿಂದ ಕಂಬಗಳ ನಡುವಿನ ಅಂತರ ಹೆಚ್ಚಿಸಲು ಆಗುವುದಿಲ್ಲ. ಇನ್ನೊಂದು ದಾರಿ ಕಮಾನು ಮತ್ತು ಗುಮ್ಮಟ. ಕಮಾನಿನಲ್ಲಿ ಪ್ರತಿ ಕಲ್ಲೂ ಪಕ್ಕದ ಕಲ್ಲನ್ನು ಒತ್ತುತ್ತದೆ. ಒತ್ತಡ ತಡೆಯುವುದರಲ್ಲಿ ಕಲ್ಲು ಗಟ್ಟಿ. ಹಾಗಾಗಿ ಹೆಚ್ಚು ಅಗಲವನ್ನು ದಾಟಬಹುದು.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಕಮಾನಾಗಲಿ ಗುಮ್ಮಟವಾಗಲಿ ಭಾರವನ್ನು ನೇರ ಕೆಳಕ್ಕೆ ಮಾತ್ರ ಇಳಿಸುವುದಿಲ್ಲ; ಹೊರಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಏನಾದರೂ ತಡೆಯದಿದ್ದರೆ ಕಾಲುಗಳು ಹಿಗ್ಗಿ ಗುಮ್ಮಟ ಕುಸಿಯುತ್ತದೆ.

ಕಲಬುರಗಿಯ ಉಪಾಯ ಇಲ್ಲಿದೆ. ನಡುವಿನ ಹಜಾರವನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚಿದ್ದಾರೆ. ಪ್ರತಿ ಚೌಕದ ನಾಲ್ಕು ಮೂಲೆಗೆ ನಾಲ್ಕು ದಪ್ಪ ಕಂಬ, ಕಂಬದಿಂದ ಕಂಬಕ್ಕೆ ಕಮಾನು, ಮೇಲೊಂದು ಚಿಕ್ಕ ಗುಮ್ಮಟ. ಇಂಥ ಚಿಕ್ಕ ಗುಮ್ಮಟಗಳು ಅರವತ್ತಕ್ಕೂ ಹೆಚ್ಚಿವೆ. ಒಂದು ಗುಮ್ಮಟ ಬಲಕ್ಕೆ ತಳ್ಳಿದರೆ ಪಕ್ಕದ್ದು ಅಷ್ಟೇ ಬಲದಿಂದ ಎಡಕ್ಕೆ ತಳ್ಳುತ್ತದೆ. ಎರಡೂ ಒಂದನ್ನೊಂದು ಸರಿದೂಗಿಸುತ್ತವೆ. ಜಾತ್ರೆಯ ಗುಂಪಿನ ನಡುವೆ ಸಿಕ್ಕಿಕೊಂಡವನು ಬೇಕೆಂದರೂ ಬೀಳಲು ಆಗುವುದಿಲ್ಲ ಅಲ್ವಾ, ಹಾಗೆ. ಬೀಳುವ ಭಯ ಇರುವುದು ಗುಂಪಿನ ಅಂಚಿನಲ್ಲಿ ನಿಂತವನಿಗೆ. ಕಟ್ಟಡದಲ್ಲೂ ಹಾಗೇ, ನಡುವಿನ ಗುಮ್ಮಟಗಳಿಗೆ ತೊಂದರೆಯಿಲ್ಲ, ಅಂಚಿನ ಸಾಲಿನ ತಳ್ಳುವಿಕೆಯನ್ನು ತಡೆಯುವವರು ಯಾರು?

ಅದಕ್ಕೇ ಉತ್ತರ, ದಕ್ಷಿಣ, ಪೂರ್ವ ಮೂರೂ ಬದಿಗೆ ಅಗಲವಾದ ಪಡಸಾಲೆ ಕಟ್ಟಿದ್ದಾರೆ. ಪಡಸಾಲೆಯ ಲೆಕ್ಕಾಚಾರವೇ ಬೇರೆ. ಅಲ್ಲಿ ಸಣ್ಣ ಗುಮ್ಮಟಗಳಿಲ್ಲ. ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರಿದ ಭಾರೀ ಅಗಲದ ಕಮಾನುಗಳು, ಅವುಗಳ ಮೇಲೆ ಕಮಾನಿನಾಕಾರದ ದಪ್ಪ ಚಾವಣಿ. ಒಳಗಿನಿಂದ ಬರುವ ತಳ್ಳುವಿಕೆಯನ್ನು ಈ ಭಾರ ತಡೆದು ನೆಲಕ್ಕೆ ಇಳಿಸುತ್ತದೆ. ಪಡಸಾಲೆಗಳು ಸೇರುವ ಮೂಲೆಗಳಲ್ಲಿ ಅಗಲವೂ ಉದ್ದವೂ ಹೆಚ್ಚಾಗಿ ದೊಡ್ಡ ಚೌಕಗಳೇ ಆಗುತ್ತವೆ. ಅಲ್ಲಿ ನಡುಗಾತ್ರದ ಗುಮ್ಮಟಗಳು ಬಂದಿವೆ. ಕಟ್ಟಡದ ನಾಲ್ಕು ಮೂಲೆಗೆ ನಾಲ್ಕು. ಹೊರಗಿನಿಂದ ನೋಡಿದಾಗ ಅಂದಕ್ಕೆ ಇಟ್ಟಂತೆ ಕಾಣುವ ಈ ಮೂಲೆ ಗುಮ್ಮಟಗಳು ನಿಜವಾಗಿ ಆ ಜಾಗದ ಅಳತೆಯಿಂದಲೇ ಹುಟ್ಟಿದವು.

ಈ ಪಡಸಾಲೆಯ ಕಮಾನುಗಳ ಬಗ್ಗೆ ಇನ್ನಷ್ಟು ಹೇಳಲೇಬೇಕು. ಕಮಾನು ಎಂದರೆ ನಮ್ಮ ಕಣ್ಣಿಗೆ ಬರುವುದು ಎತ್ತರದ ಎರಡು ಕಾಲು, ಮೇಲೊಂದು ಬಾಗು. ಇಲ್ಲಿ ಹಾಗಿಲ್ಲ. ಕಾಲುಗಳು ತೀರಾ ಗಿಡ್ಡ. ಸುಮಾರು ಮನುಷ್ಯನ ಎತ್ತರಕ್ಕೇ ಬಾಗು ಶುರುವಾಗಿ, ಆರಾಮಾಗಿ ಹರಡಿಕೊಂಡು, ಅಗಲವಾಗಿ ಹೋಗಿ ತುದಿಯಲ್ಲಿ ಸೇರುತ್ತದೆ. ಇಷ್ಟು ಅಗಲದ, ಇಷ್ಟು ಕೆಳಗಿನಿಂದ ಏಳುವ ಕಮಾನುಗಳ ಸಾಲು ಭಾರತದಲ್ಲಿ ಅದಕ್ಕಿಂತ ಮೊದಲು ಕಾಣಿಸುವುದಿಲ್ಲ. ಒಂದು ತುದಿಯಲ್ಲಿ ನಿಂತು ನೋಡಿದರೆ ಒಂದರೊಳಗೊಂದು ಕಮಾನು ಚಿಕ್ಕದಾಗುತ್ತಾ ಹೋಗುವುದು ಕಾಣುತ್ತದೆ. ಗೋಡೆಗಳ ಮೇಲೆ ಕೆತ್ತನೆಯೂ ಹೆಚ್ಚಿಲ್ಲ. ಸುಣ್ಣದ ಗಾರೆ ಬಳಿದ ಸಾದಾ ಗೋಡೆ, ಅದರ ಮೇಲೆ ನೆರಳು ಬೆಳಕು, ಅಷ್ಟೇ. ನನಗಂತೂ ಈ ಮಸೀದಿಯಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಈ ಪಡಸಾಲೆಯೇ. ಏನೂ ಅಲಂಕಾರ ಮಾಡದೆ, ಬರೀ ಅಳತೆಯಿಂದ ಇಷ್ಟು ಚಂದ ತರುವುದು ಸಣ್ಣ ಮಾತಲ್ಲ.

ಒಂದು ಪಡಸಾಲೆಯಿಂದ ಒಳಗಿನ ಹಜಾರಕ್ಕೆ ಕಾಲಿಟ್ಟರೆ ಅನುಭವವೇ ಬದಲಾಗುತ್ತದೆ. ಅಗಲದ ಕಮಾನು ಹೋಗಿ ಕಿರಿದಾದವು ಬರುತ್ತವೆ, ದಪ್ಪ ಚೌಕ ಕಂಬಗಳ ಸಾಲುಗಳು ಎಲ್ಲ ದಿಕ್ಕಿಗೂ ಹಬ್ಬಿವೆ, ಬೆಳಕು ತುಸು ಕಡಿಮೆ. ಪಶ್ಚಿಮಕ್ಕೆ ನಡೆಯುತ್ತಾ ಹೋದರೆ ಮಿಹ್ರಾಬಿನ ಮುಂದೆ ತಲೆಯ ಮೇಲಿನ ಚಾವಣಿ ಇದ್ದಕ್ಕಿದ್ದಂತೆ ಮೇಲಕ್ಕೆ ಎದ್ದುಬಿಡುತ್ತದೆ. ಒಂಬತ್ತು ಸಣ್ಣ ಚೌಕಗಳು ಹಿಡಿಯಬೇಕಾದ ಜಾಗವನ್ನು ಅಲ್ಲಿ ಒಂದೇ ಒಂದು ದೊಡ್ಡ ಗುಮ್ಮಟ ತುಂಬಿದೆ.

ಚೌಕ ಜಾಗದ ಮೇಲೆ ದುಂಡು ಗುಮ್ಮಟ ಕೂರಿಸುವುದು ಎಲ್ಲ ಕಾಲದ ಕಟ್ಟೋಣಗಾರರಿಗೂ ತಲೆನೋವು. ಚೌಕದ ನಾಲ್ಕು ಮೂಲೆಗಳು ದುಂಡಿನಿಂದ ಹೊರಗೆ ಉಳಿಯುತ್ತವೆ. ಅಲ್ಲಿ ಗುಮ್ಮಟದ ಅಂಚಿಗೆ ಕೆಳಗಿನಿಂದ ಆಸರೆಯೇ ಇಲ್ಲ. ಅದಕ್ಕೆ ಪ್ರತಿ ಮೂಲೆಗೂ ಅಡ್ಡವಾಗಿ ಒಂದು ಕಮಾನು ಕಟ್ಟುತ್ತಾರೆ. ಆಗ ನಾಲ್ಕು ಬದಿ ಎಂಟಾಗುತ್ತದೆ. ಎಂಟು ಬದಿಯ ಮೇಲೆ ದುಂಡನ್ನು ಕೂರಿಸುವುದು ಸುಲಭ. ಇಲ್ಲಿಯ ಮೂಲೆ ಕಮಾನುಗಳು ಸಾದಾ ಕಮಾನಲ್ಲ, ಮೂರು ಎಸಳಿನ ಆಕಾರದವು. ಎಂಟು ಬದಿಯ ಈ ಹಂತವನ್ನೂ ಗುಮ್ಮಟವನ್ನೂ ಹೊತ್ತ ಚೌಕದ ಗೋಡೆ ಸುತ್ತಲಿನ ಚಾವಣಿಗಿಂತ ಸಾಕಷ್ಟು ಮೇಲಕ್ಕೆ ಎದ್ದಿದೆ. ಆ ಎತ್ತರದ ಗೋಡೆಯಲ್ಲಿ ಬೆಳಕಿಗೆ ತೆರಪುಗಳಿವೆ. ಮಿಹ್ರಾಬ್ ಇರುವುದು ಕಟ್ಟಡದ ಅತಿ ಒಳಗಿನ ಜಾಗದಲ್ಲಿ. ಮೂರು ಬದಿಯ ಕಮಾನುಗಳಿಂದ ಬರುವ ಬೆಳಕು ಅಲ್ಲಿಗೆ ತಲುಪುವಷ್ಟರಲ್ಲಿ ಸೊರಗಿಹೋಗುತ್ತದೆ. ಮೇಲಿನಿಂದ ಇಳಿಯುವ ಬೆಳಕು ಆ ಕೊರತೆಯನ್ನು ತುಂಬುತ್ತದೆ. ಅಂಗಳ ಮಾಡಬೇಕಿದ್ದ ಕೆಲಸವನ್ನು ಇಲ್ಲಿ ಹೊರ ಗೋಡೆಯ ದೊಡ್ಡ ಕಮಾನುಗಳೂ ಈ ಎತ್ತರದ ಗುಮ್ಮಟವೂ ಸೇರಿ ಮಾಡಿವೆ.

ಬಾಗಿಲಿನ ವಿಷಯವೂ ವಿಶೇಷವೇ. ಸಾಮಾನ್ಯವಾಗಿ ಮುಖ್ಯ ಬಾಗಿಲು ಮಿಹ್ರಾಬಿಗೆ ಎದುರಾಗಿ ಪೂರ್ವಕ್ಕಿರುತ್ತದೆ. ಇಲ್ಲಿ ಅದು ಉತ್ತರಕ್ಕಿದೆ. ಸಮನಾಗಿ ಸಾಗುವ ಕಮಾನುಗಳ ಸಾಲನ್ನು ಕಡಿದು ಅವೆಲ್ಲಕ್ಕಿಂತ ಎತ್ತರದ ಒಂದು ಕಮಾನು ಬಾಗಿಲಾಗಿ ನಿಂತಿದೆ. ಹೊರಗಿನಿಂದ ಬಂದವರು ಮಿಹ್ರಾಬನ್ನು ನೇರವಾಗಿ ಎದುರಾಗುವುದಿಲ್ಲ. ಒಳಗೆ ಬಂದು ಬಲಕ್ಕೆ ತಿರುಗಬೇಕು.

ಇನ್ನು ಕಾರ್ಡೋಬಾ. ಆ ಮಸೀದಿಯನ್ನು 785ರ ಸುಮಾರಿಗೆ ಉಮಯ್ಯದ್ ವಂಶದ ಒಂದನೇ ಅಬ್ದುರ್ ರಹಮಾನ್ ಶುರು ಮಾಡಿದ. ಮುಂದಿನ ಇನ್ನೂರು ವರ್ಷಗಳಲ್ಲಿ ಮತ್ತೆ ಮತ್ತೆ ಅದನ್ನು ಹಿಗ್ಗಿಸಿದರು. ಅಲ್ಲಿ ಇರುವುದು ಸಣ್ಣನೆಯ ಅಮೃತಶಿಲೆ ಮತ್ತು ಗ್ರಾನೈಟಿನ ಕಂಬಗಳು, ಬಹಳಷ್ಟು ರೋಮನ್ನರ ಕಾಲದ ಹಳೆಯ ಕಟ್ಟಡಗಳಿಂದ ತಂದವು. ಕಂಬಗಳು ಗಿಡ್ಡವಾದ್ದರಿಂದ ಎತ್ತರ ಸಿಗಲೆಂದು ಒಂದರ ಮೇಲೊಂದು ಎರಡು ಕಮಾನು ಕಟ್ಟಿದರು; ಕೆಂಪು ಇಟ್ಟಿಗೆ ಮತ್ತು ಬಿಳಿ ಕಲ್ಲಿನ ಪಟ್ಟೆಗಳ ಆ ಜೋಡಿ ಕಮಾನುಗಳ ಚಿತ್ರವನ್ನು ನೋಡದವರು ಕಡಿಮೆ. ಅವುಗಳ ಮೇಲಿದ್ದದ್ದು ಮರದ ಚಾವಣಿ. ಗುಮ್ಮಟಗಳು ಮಿಹ್ರಾಬಿನ ಬಳಿಯ ಕೆಲವೇ ಜಾಗಗಳಲ್ಲಿ ಇವೆ. ಮುಖ್ಯವಾಗಿ, ಅಲ್ಲಿ ದೊಡ್ಡ ಅಂಗಳವಿದೆ. ಇವತ್ತಿಗೂ ಅದರಲ್ಲಿ ಕಿತ್ತಳೆ ಮರಗಳಿವೆ.

ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿ. ಅಲ್ಲಿ ತೆಳು ಕಂಬ, ಇಲ್ಲಿ ದಪ್ಪ ಕಂಬ. ಅಲ್ಲಿ ಮರದ ಚಾವಣಿ, ಇಲ್ಲಿ ಗುಮ್ಮಟ. ಅಲ್ಲಿ ಎರಡಂತಸ್ತಿನ ಬಣ್ಣದ ಕಮಾನು, ಇಲ್ಲಿ ಬಿಳಿಯ ಒಂಟಿ ಕಮಾನು. ಕಲಬುರಗಿಯ ಗುರುತೇ ಅಂಗಳ ಇಲ್ಲದಿರುವುದು, ಕಾರ್ಡೋಬಾಕ್ಕೆ ಅಂಗಳವಿದೆ. ಹೋಲಿಕೆ ಉಳಿಯುವುದು ಒಂದೇ ವಿಷಯದಲ್ಲಿ: ಎರಡರಲ್ಲೂ ಕಂಬಗಳ ಕಾಡಿನ ನಡುವೆ ನಿಂತ ಅನುಭವ ಆಗುತ್ತದೆ. ಅದಕ್ಕಿಂತ ದೊಡ್ಡ ತೊಡಕು ಕಾಲದ್ದು. 1236ರಲ್ಲಿ ಕ್ಯಾಸ್ಟೀಲಿನ ರಾಜ ಮೂರನೇ ಫರ್ಡಿನೆಂಡ್ ಕಾರ್ಡೋಬಾವನ್ನು ಗೆದ್ದ ಕೂಡಲೇ ಆ ಮಸೀದಿ ಚರ್ಚ್ ಆಯಿತು. ಕಲಬುರಗಿಯ ಶಾಸನ ಬರೆಯುವ ಹೊತ್ತಿಗೆ ಅದು ಚರ್ಚಾಗಿ 131 ವರ್ಷ ಕಳೆದಿತ್ತು. ಇರಾನಿನ ಒಬ್ಬ ಕಟ್ಟೋಣಗಾರ ಅದನ್ನು ನೋಡಿಬಂದು ದಖ್ಖನ್ನಿನಲ್ಲಿ ಕಟ್ಟಿದ ಎನ್ನಲು ಯಾವ ಆಧಾರವೂ ಇಲ್ಲ.

ಅದರ ಬದಲು ಅವನ ಊರನ್ನೇ ನೋಡಬೇಕು. ಕಜ್ವೀನಿನ ಜಾಮಿಯಾ ಮಸೀದಿಯಲ್ಲಿ ಮಿಹ್ರಾಬಿನ ಮುಂದೆ ಭಾರೀ ಗುಮ್ಮಟದ ಕೋಣೆಯಿದೆ; ಹನ್ನೆರಡನೇ ಶತಮಾನದ ಆರಂಭದ್ದು, ಸೆಲ್ಜುಕ್ ದೊರೆಗಳ ಕಾಲದ್ದು. ಮಿಹ್ರಾಬಿನ ಮುಂದೆ ಒಂದೇ ದೊಡ್ಡ ಗುಮ್ಮಟ ಎತ್ತಿ ನಿಲ್ಲಿಸುವುದು, ಮೂಲೆಗೆ ಮೂರು ಎಸಳಿನ ಕಮಾನು ಕಟ್ಟುವುದು, ಎರಡೂ ಸೆಲ್ಜುಕ್ ಇರಾನಿನಲ್ಲಿ ಚೆನ್ನಾಗಿ ಬೇರೂರಿದ್ದ ಪದ್ಧತಿಗಳು. ರಫಿ ಬಾಲ್ಯದಿಂದ ಕಂಡ ಕಟ್ಟಡಗಳು ಅಂಥವೇ ಆಗಿರಬೇಕು. ಆದರೆ ಇರಾನಿನ ಆ ಮಸೀದಿಗಳಿಗೆಲ್ಲ ಅಂಗಳವಿದೆ. ಅಂದರೆ ಗುಮ್ಮಟದ ವಿದ್ಯೆ ಅಲ್ಲಿಂದ ಬಂದರೂ ಅಂಗಳವನ್ನು ಬಿಟ್ಟ ತೀರ್ಮಾನ ಇಲ್ಲಿಯದು.

ಯಾಕೆ ಬಿಟ್ಟರು? ಬಿಸಿಲು ಕಾರಣ ಎನ್ನುವುದು ಮೊದಲು ಹೊಳೆಯುವ ಉತ್ತರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿದು. ಮೂರು ಬದಿ ತೆರೆದ, ತಲೆಯ ಮೇಲೆ ದಪ್ಪ ಚಾವಣಿಯಿರುವ ಕಟ್ಟಡ ಇಲ್ಲಿ ನಿಜಕ್ಕೂ ಹಿತ. ಆದರೆ ಈ ಉತ್ತರ ಒಂದರಿಂದಲೇ ಕೆಲಸ ಆಗುವುದಿಲ್ಲ. ಅದೇ ಬಿಸಿಲಿನಲ್ಲಿ, ಅದೇ ಊರಿನಲ್ಲಿ, ಹೆಚ್ಚು ಕಡಿಮೆ ಅದೇ ಕಾಲಕ್ಕೆ ಕೋಟೆಯ ಹೊರಗೆ ಕಟ್ಟಿದ ಶಾಹ್ ಬಜಾರ್ ಮಸೀದಿಗೆ ಎಲ್ಲ ಮಸೀದಿಗಳ ಹಾಗೆ ಅಂಗಳವಿದೆ. ತುರ್ಕಿಯ ಬುರ್ಸಾದಲ್ಲಿ 1390ರ ದಶಕದಲ್ಲಿ ಕಟ್ಟಿದ ಉಲು ಜಾಮಿ ಇಪ್ಪತ್ತು ಗುಮ್ಮಟಗಳ, ಪೂರ್ತಿ ಮುಚ್ಚಿದ ಮಸೀದಿ. ಅದಿರುವುದು ಚಳಿಯ ನಾಡಿನಲ್ಲಿ. ದಿಲ್ಲಿಯಲ್ಲಿ ಫಿರೋಜ್ ಶಾಹ ತುಘಲಕ್‌ನ ಕಾಲದ ಖಿರ್ಕಿ ಮಸೀದಿಯೂ ಬಹುಪಾಲು ಮುಚ್ಚಿದ್ದೇ. ಅದರ ನೆಲವನ್ನು 25 ಚೌಕ ಮಾಡಿ, ನಾಲ್ಕನ್ನು ಮಾತ್ರ ಬೆಳಕಿಗೆ ಅಂಗಳವಾಗಿ ಬಿಟ್ಟಿದ್ದಾರೆ. ಹದಿನಾಲ್ಕನೇ ಶತಮಾನದ ಎರಡನೇ ಅರ್ಧದಲ್ಲಿ ಬೇರೆ ಬೇರೆ ಕಡೆಯ ಕಟ್ಟೋಣಗಾರರು ಚಾವಣಿಯನ್ನು ಹಿಗ್ಗಿಸುವ ಪ್ರಯತ್ನದಲ್ಲಿದ್ದರು. ದಿಲ್ಲಿಯವರು ನಾಲ್ಕು ಅಂಗಳ ಉಳಿಸಿಕೊಂಡರು. ಕಲಬುರಗಿಯವರು ಒಂದನ್ನೂ ಉಳಿಸಲಿಲ್ಲ.

ಸ್ಥಳವೂ ಒಂದು ಕಾರಣ ಇರಬೇಕು. ಇದು ಕೋಟೆಯೊಳಗಿನ ಮಸೀದಿ. ಇಲ್ಲಿಗೆ ಬರುತ್ತಿದ್ದವರು ಸುಲ್ತಾನ, ಅವನ ದರ್ಬಾರಿನವರು, ಕೋಟೆಯ ಸೈನಿಕರು. ಊರಿನ ಜನಕ್ಕೆ ಹೊರಗಿನ ಮಸೀದಿ ಇತ್ತು. ಹಬ್ಬದ ದಿನ ಉಕ್ಕಿಬರುವ ಜನಸಾಗರಕ್ಕೆ ಇಲ್ಲಿ ಅಂಗಳ ಬೇಕಿರಲಿಲ್ಲ.

ಇದೇ ಎಳೆಯನ್ನು ಹಿಡಿದು ಇತ್ತೀಚಿನ ಒಂದು ಸಂಶೋಧನೆ ಇನ್ನೂ ಮುಂದಕ್ಕೆ ಹೋಗಿದೆ. ಇದು ಮೊದಲಿಗೆ ಮಸೀದಿಯೇ ಆಗಿರಲಿಲ್ಲ, 1397ರಿಂದ 1422ರವರೆಗೆ ಆಳಿದ ಫಿರೋಜ್ ಶಾಹ ಬಹಮನಿಯ ದರ್ಬಾರ್ ಹಜಾರವಾಗಿತ್ತು ಎನ್ನುವುದು ಅದರ ವಾದ. ದಿಲ್ಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್‌ನಿಗೆ 'ಹಜಾರ್ ಸುತೂನ್' ಎಂಬ ಸಾವಿರ ಕಂಬದ ದರ್ಬಾರ್ ಇತ್ತು; ಪ್ರವಾಸಿ ಇಬ್ನ್ ಬತೂತಾ ಅದನ್ನು ಕಂಡು ವರ್ಣಿಸಿದ್ದಾನೆ. ಅಂಥದ್ದೇ ಒಂದು ಕಲಬುರಗಿಯಲ್ಲೂ ಇದ್ದು, ಮುಂದೆ ಮಸೀದಿಯಾಯಿತಂತೆ.

ಈ ವಾದವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಅಂಗಳವಿಲ್ಲ, ಮಿನಾರಿಲ್ಲ, ಬಾಗಿಲು ಪಕ್ಕದಲ್ಲಿದೆ, ಅಗಲಕ್ಕಿಂತ ಉದ್ದ ಹೆಚ್ಚಿದೆ. ನಮಾಜಿಗೆ ಉದ್ದನೆಯ ಸಾಲುಗಳು ಸಿಗಲೆಂದು ಮಸೀದಿಯ ಹಜಾರವನ್ನು ಸಾಮಾನ್ಯವಾಗಿ ಅಗಲ ಹೆಚ್ಚಿಸಿ ಕಟ್ಟುತ್ತಾರೆ. ದೊಡ್ಡ ಗುಮ್ಮಟದ ಕೆಳಗೆ ಸಿಂಹಾಸನ ಇದ್ದಿರಬಹುದು ಎಂದು ಊಹಿಸುವುದೂ ಕಷ್ಟವಲ್ಲ. ತೆಲಂಗಾಣದ ದೊರೆಯಿಂದ ಮುಹಮ್ಮದ್ ಶಾಹನಿಗೆ ಬಂದ 'ತಖ್ತ್-ಎ-ಫಿರೋಜಾ' ಎಂಬ ಸಿಂಹಾಸನ ಬಹಮನಿಗಳ ಹೆಮ್ಮೆಯ ಗುರುತಾಗಿತ್ತು. ಆದರೆ ದರ್ಬಾರ್ ಎಂದು ಒಪ್ಪಬೇಕಾದರೆ 1367ರ ಶಾಸನ ಬೇರೆ ಕಟ್ಟಡದಿಂದ ಬಂದದ್ದು ಎಂದೂ ಒಪ್ಪಬೇಕಾಗುತ್ತದೆ. ಅದು ಸಣ್ಣ ಬೆಲೆಯಲ್ಲ. ಮೂಲೆ ಕಮಾನುಗಳಲ್ಲಿ, ಎತ್ತರದ ಗುಮ್ಮಟದಲ್ಲಿ ಇರಾನಿನ ಕೈ ಇಷ್ಟು ಸ್ಪಷ್ಟವಾಗಿರುವಾಗ ಶಾಸನದ ಹೆಸರನ್ನೂ ಕಟ್ಟಡವನ್ನೂ ಬೇರೆ ಮಾಡಲು ನನಗೆ ಮನಸ್ಸು ಒಪ್ಪುವುದಿಲ್ಲ. ಕೋಟೆಯ ಮಸೀದಿ ಎಂದು ಓದಿದರೆ ಮೇಲಿನ ವಿಚಿತ್ರಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಸಿಗುತ್ತದೆ. ಹಾಗಿದ್ದರೂ ಈ ಚರ್ಚೆಯಿಂದ ಒಂದು ಒಳ್ಳೆಯದಾಗಿದೆ: ಸ್ಪೇನನ್ನು ಬಿಟ್ಟು, ಕಟ್ಟಡವನ್ನು ಅದರ ಕೋಟೆಯೊಳಗೆ, ಅದರ ನೆರೆಯ ಕಟ್ಟಡಗಳ ಜೊತೆ ಇಟ್ಟು ನೋಡುವ ಹಾಗಾಯಿತು.

ಫಿರೋಜ್ ಶಾಹನ ನಂತರ 1422ರಲ್ಲಿ ಅವನ ತಮ್ಮ ಅಹ್ಮದ್ ಶಾಹ ಪಟ್ಟಕ್ಕೆ ಬಂದು ರಾಜಧಾನಿಯನ್ನು ಬೀದರಿಗೆ ಸಾಗಿಸಿದ. ಕಲಬುರಗಿ ಕೋಟೆಯ ಭಾಗ್ಯ ಅಲ್ಲಿಗೆ ಇಳಿಯಿತು. ಮಸೀದಿ ಮಾತ್ರ ಉಳಿಯಿತು. ಇವತ್ತು ಅದು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಲಬುರಗಿಯ ಬಹಮನಿ ಸ್ಮಾರಕಗಳು 2014ರಿಂದ ಬೀದರ್, ವಿಜಯಪುರ, ಹೈದರಾಬಾದಿನ ಸ್ಮಾರಕಗಳ ಜೊತೆ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿವೆ.

ಇಡೀ ಜಾಗವನ್ನು ಮುಚ್ಚುವ ಪ್ರಯೋಗವನ್ನು ದಖ್ಖನ್ನಿನಲ್ಲಿ ಯಾರೂ ಈ ಪ್ರಮಾಣದಲ್ಲಿ ಮತ್ತೆ ಮಾಡಲಿಲ್ಲ. ಆದರೆ ದೊಡ್ಡ ಗುಮ್ಮಟದ ಲೆಕ್ಕ ಮುಂದುವರಿಯಿತು. ಇನ್ನೂರು ವರ್ಷಗಳ ನಂತರ ಒಂದನೇ ಅಲಿ ಆದಿಲ್ ಶಾಹ ವಿಜಯಪುರದಲ್ಲಿ ಕಟ್ಟಿಸಿದ ಜಾಮಿಯಾ ಮಸೀದಿಯ ಹಜಾರದಲ್ಲಿ 45 ಚೌಕಗಳಿವೆ. ಅವುಗಳಲ್ಲಿ ನಡುವಿನ ಒಂಬತ್ತನ್ನು ಸೇರಿಸಿ ಒಂದೇ ಗುಮ್ಮಟ ಏರಿಸಿದ್ದಾರೆ. ಕಲಬುರಗಿಯದ್ದೇ ಒಂಬತ್ತರ ಲೆಕ್ಕ. ಆಸರೆ ಕೊಡುವ ವಿಧಾನ ಮಾತ್ರ ಮುಂದೆ ಹೋಗಿತ್ತು: ಮೂಲೆಗೆ ಒಂದೊಂದು ಕಮಾನು ಕಟ್ಟುವ ಬದಲು, ಒಂದನ್ನೊಂದು ಕತ್ತರಿಸಿ ಹಾಯುವ ಕಮಾನುಗಳನ್ನು ಹೆಣೆದು ಅದರ ಮೇಲೆ ಗುಮ್ಮಟ ಕೂರಿಸಿದರು. ಅದೇ ಹೆಣಿಗೆಯನ್ನು ದೊಡ್ಡದು ಮಾಡಿ 1656ರ ಹೊತ್ತಿಗೆ ಗೋಳಗುಮ್ಮಟ ಎತ್ತಿದರು. ಅಲ್ಲಿ ನಡುವೆ ಒಂದೂ ಕಂಬವಿಲ್ಲ.